ಲಾವೋಸ್: ಒಂದೇ ಪಕ್ಷದ ಕಮ್ಯುನಿಸ್ಟ್ ದೇಶ, ಬೆಳಗಾದರೆ ಭಿಕ್ಷುಗಳ ಸಾಲು. ಇದು ಹೇಗೆ?

ತುಂಗೆಯ ಮೇಷ್ಟ್ರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಹೋದ ವಾರ ಒಂಬತ್ತನೇ ತರಗತಿಯಲ್ಲಿ, ಕಮ್ಯುನಿಸ್ಟ್ ಪಕ್ಷ ಒಂದೇ ಇವತ್ತಿಗೂ ಆಳುವ ದೇಶಗಳು ಐದು ಅಂತ ಬೋರ್ಡಿನ ಮೇಲೆ ಬರೆದೆ. ಚೀನಾ, ವಿಯೆಟ್ನಾಂ, ಕ್ಯೂಬಾ, ಉತ್ತರ ಕೊರಿಯಾ, ಲಾವೋಸ್. ಮೊದಲ ನಾಲ್ಕರ ಬಗ್ಗೆ ಮಕ್ಕಳಿಗೂ ಒಂದಿಷ್ಟು ಗೊತ್ತಿತ್ತು. ಲಾವೋಸ್ ಅಂದಾಗ ತರಗತಿ ಪೂರಾ ಸುಮ್ಮನಾಯಿತು.

ಮಾರನೇ ದಿನ ಒಬ್ಬಳು ಹುಡುಗಿ ಮನೆಯಲ್ಲಿ ಫೋನಿನಲ್ಲಿ ಫೋಟೊಗಳನ್ನು ನೋಡಿಕೊಂಡು ಬಂದಿದ್ದಳು. "ಸರ್, ಕಮ್ಯುನಿಸ್ಟರು ಧರ್ಮ ಬೇಡ ಅನ್ನುತ್ತಾರೆ ಅಂತ ಹೇಳಿದ್ರಿ. ಇಲ್ಲಿ ನೋಡಿದರೆ ಬೆಳಿಗ್ಗೆ ಬೆಳಿಗ್ಗೆ ಕಾವಿ ಬಟ್ಟೆಯ ಭಿಕ್ಷುಗಳು ಸಾಲಾಗಿ ಹೋಗುತ್ತಿದ್ದಾರೆ, ಜನ ರಸ್ತೆ ಬದಿ ಕೂತು ಅನ್ನ ಹಾಕುತ್ತಿದ್ದಾರೆ. ಹಳೇ ಶಿವನ ದೇವಸ್ಥಾನವೂ ಇದೆಯಂತೆ. ಮಾರ್ಕೆಟ್ಟು, ಅಂಗಡಿ, ಹೋಟೆಲು ಎಲ್ಲಾ ಇದೆ. ಮತ್ತೆ ಕಮ್ಯುನಿಸ್ಟ್ ಅಂದರೆ ಏನು ಸರ್?" ಅಂದಳು.

ನನಗೆ ಸರಿಯಾಗಿ ಉತ್ತರ ಕೊಡಲು ಬರಲಿಲ್ಲ. ನೋಡಿ ಹೇಳುತ್ತೇನೆ ಅಂದೆ. ಪಠ್ಯಪುಸ್ತಕದಲ್ಲಿ ಅರ್ಧ ಸಾಲೂ ಇಲ್ಲ. ಇಲ್ಲಿ ಯಾರಾದರೂ ಆ ದೇಶದಲ್ಲಿ ಇದ್ದವರು, ಹೋಗಿ ಬಂದವರು ಇದ್ದರೆ ಮಕ್ಕಳಿಗೆ ಹೇಳುವ ಹಾಗೆ ಹೇಳಿ. ಅಲ್ಲಿ ಪಕ್ಷ ಹೇಗೆ ಆಳುತ್ತದೆ, ಜನ ಹೇಗಿದ್ದಾರೆ, ಇವೆರಡೂ ಬೇಕು.

ಮೆಕಾಂಗ್ ದಂಡೆ

ಮೇಷ್ಟ್ರೇ, ನಿಮ್ಮ ಆ ವಿದ್ಯಾರ್ಥಿನಿಗೆ ನನ್ನ ನಮಸ್ಕಾರ ಹೇಳಿ. ನಾನು ರಾಜಧಾನಿ ವಿಯಂಟಿಯಾನ್‌ನಲ್ಲಿ ಮೂರು ವರ್ಷ ಇದ್ದೆ. ನಮ್ಮ ಮನೆಯವರಿಗೆ ಅಲ್ಲಿ ಕೆಲಸ ಇತ್ತು. ಹೋದ ಮೊದಲ ತಿಂಗಳು ನನಗೂ ಇದೇ ಗೊಂದಲ.

ದೇಶದ ಹೆಸರಿನಿಂದಲೇ ಶುರು ಮಾಡಿ, ಮಕ್ಕಳಿಗೆ ಖುಷಿಯಾಗುತ್ತದೆ. ಲಾವೋ ಭಾಷೆಯಲ್ಲಿ ದೇಶದ ಪೂರ್ತಿ ಹೆಸರು "ಸಾಥಾಲನಲತ್ ಪಸಾಥಿಪತಾಯ್ ಪಸಾಸೋನ್ ಲಾವ್". ಕಿವಿಗೆ ಏನೋ ಅನ್ನಿಸುತ್ತದೆ, ಆದರೆ ಬಿಡಿಸಿ ನೋಡಿ. ಸಾಧಾರಣ ರಾಷ್ಟ್ರ, ಪ್ರಜಾಧಿಪತ್ಯ, ಪ್ರಜಾಜನ. ಎಲ್ಲಾ ಸಂಸ್ಕೃತ, ಪಾಲಿಯಿಂದ ಹೋದ ಮಾತುಗಳು. ಅವರಿಗೆ ರಕಾರ ಲಕಾರ ಆಗುತ್ತದೆ, ಜಕಾರ ಸಕಾರ ಆಗುತ್ತದೆ, ಅಷ್ಟೇ. ಪಕ್ಷದವರು ಒಬ್ಬರನ್ನೊಬ್ಬರು "ಕಾಮ್ರೇಡ್" ಅನ್ನುವುದಕ್ಕೆ ಬಳಸುವ ಪದ "ಸಹಾಯ್". ಜೊತೆಗಾರ ಅಂತ ಅರ್ಥ. ನಾವು ನೆರವು ಅನ್ನುವ ಅರ್ಥದಲ್ಲಿ ಬಳಸುವ ಸಹಾಯ ಇದೆಯಲ್ಲ, ಅದೇ ಪದ. ಅಕ್ಷರಗಳೂ ನಮ್ಮ ಕನ್ನಡದ ಹಾಗೆ ಬ್ರಾಹ್ಮಿಯ ವಂಶದವೇ. ಮಾರ್ಕ್ಸ್ ಹೇಳಿದ ವಿಚಾರವನ್ನು ಅವರು ತಮ್ಮ ಹಳೇ ದೇವಸ್ಥಾನದ ಭಾಷೆಯಲ್ಲೇ ಹೇಳಬೇಕಾಯಿತು. ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ಇನ್ನು ಪಕ್ಷ. ಹೆಸರು ಲಾವೋ ಜನ ಕ್ರಾಂತಿಕಾರಿ ಪಕ್ಷ. ಹುಟ್ಟಿದ್ದು 1955ರಲ್ಲಿ, ಅದರ ಬೇರು ವಿಯೆಟ್ನಾಂ ನಾಯಕ ಹೋ ಚಿ ಮಿನ್ 1930ರಲ್ಲಿ ಕಟ್ಟಿದ ಇಂಡೋಚೀನಾ ಕಮ್ಯುನಿಸ್ಟ್ ಪಕ್ಷದಲ್ಲಿದೆ. 1893ರಿಂದ ಫ್ರೆಂಚರ ಕೈಯಲ್ಲಿದ್ದ ದೇಶ 1953ರಲ್ಲಿ ಸ್ವತಂತ್ರವಾಯಿತು. ಆಮೇಲೆ ಇಪ್ಪತ್ತು ವರ್ಷ ಒಳಜಗಳ, ಯುದ್ಧ. ಆ ಜಗಳ ಒಂದೇ ಮನೆಯೊಳಗೂ ಇತ್ತು. ಸುವನ್ನ ಫೂಮಾ ಪ್ರಧಾನಿ. ಅವನ ಮಲತಮ್ಮ ಸುಫಾನುವೊಂಗ್ ಬೆಟ್ಟದ ಮೇಲಿನ ಬಂಡಾಯಗಾರರ ಮುಖ, ಜನ ಅವನನ್ನು ಕೆಂಪು ರಾಜಕುಮಾರ ಅನ್ನುತ್ತಿದ್ದರು. 1975ರ ಡಿಸೆಂಬರ್ 2ರಂದು ಅರಸೊತ್ತಿಗೆ ಮುಗಿಯಿತು, ಈ ಗಣರಾಜ್ಯ ಶುರುವಾಯಿತು. ಸುಫಾನುವೊಂಗ್ ಮೊದಲ ಅಧ್ಯಕ್ಷನಾದ. ನಿಜವಾದ ಅಧಿಕಾರ ಇದ್ದದ್ದು ಪಕ್ಷದ ಮುಖ್ಯಸ್ಥ ಕೈಸೋನ್ ಫೋಮ್‌ವಿಹಾನ್ ಹತ್ತಿರ. 1992ರಲ್ಲಿ ಸಾಯುವ ತನಕ ಅವನದೇ ಮಾತು. ಕೊನೆಯ ದೊರೆ ಸಿಸವಾಂಗ್ ವತ್ತನನನ್ನು 1977ರಲ್ಲಿ ಬಡಗಣ ಬೆಟ್ಟದ "ಮರುಶಿಕ್ಷಣ" ಶಿಬಿರಕ್ಕೆ ಕಳಿಸಿದರು. ಅವನು ವಾಪಸ್ ಬರಲಿಲ್ಲ. ದೊರೆ ಒಬ್ಬನೇ ಅಲ್ಲ. ಹಳೇ ಸರ್ಕಾರದ ಅಧಿಕಾರಿಗಳು, ಸೈನಿಕರು ಎಷ್ಟೋ ಜನ ಇಂಥ ಶಿಬಿರಗಳಲ್ಲಿ ವರ್ಷಗಟ್ಟಲೆ ಇದ್ದರು. ದೇಶದ ಹತ್ತರಲ್ಲಿ ಒಂದು ಪಾಲು ಜನ ಮೆಕಾಂಗ್ ನದಿ ದಾಟಿ ಓಡಿಹೋದರು. ಮಕ್ಕಳಿಗೆ ಭಿಕ್ಷುಗಳ ಫೋಟೊ ತೋರಿಸುವಾಗ ಇದನ್ನೂ ಹೇಳಿ ಮೇಷ್ಟ್ರೇ, ಬಿಡಬೇಡಿ.

ಶುರುವಿನಲ್ಲಿ ಪಕ್ಷ ಗಟ್ಟಿ ಹಿಡಿತ ಹಿಡಿಯಲು ನೋಡಿದ್ದು ನಿಜ. ಭಿಕ್ಷುಗಳನ್ನು ಕೂರಿಸಿ ರಾಜಕೀಯ ಪಾಠ ಮಾಡಿದರು, ಭಿಕ್ಷೆ ಹಾಕುವುದಕ್ಕೂ ಅಡ್ಡಿ ಮಾಡಿದರು. ಜನಕ್ಕೆ ಅದು ಸರಿಬರಲಿಲ್ಲ. ಬೆಳಿಗ್ಗೆ ಎದ್ದು ಭಿಕ್ಷುವಿನ ಪಾತ್ರೆಗೆ ಒಂದು ಮುಷ್ಟಿ ಅನ್ನ ಹಾಕಿದರೆ ತೀರಿಹೋದ ಅಪ್ಪ ಅಮ್ಮನಿಗೆ ಪುಣ್ಯ ತಲುಪುತ್ತದೆ ಅಂತ ನಂಬಿದ ಜನ ಅವರು. ಪಕ್ಷ ಹಿಂದೆ ಸರಿಯಿತು. 1978ರಲ್ಲಿ ರೈತರ ಹೊಲಗಳನ್ನು ಒಟ್ಟುಗೂಡಿಸಿ ಸಾಮೂಹಿಕ ಬೇಸಾಯ ಅಂತ ಶುರು ಮಾಡಿದರು, ಒಂದೇ ವರ್ಷಕ್ಕೆ ಅದನ್ನೂ ನಿಲ್ಲಿಸಬೇಕಾಯಿತು. 1986ರಲ್ಲಿ "ಚಿಂತನಕಾನ್ ಮಾಯ್" ಅಂದರು. ಚಿಂತನೆ ಅನ್ನುವ ಪದ ಕೇಳಿಸಿತಲ್ವಾ? ಹೊಸ ಚಿಂತನೆ ಅಂತ ಅರ್ಥ. ಖಾಸಗಿ ವ್ಯಾಪಾರ, ವಿದೇಶಿ ಬಂಡವಾಳ ಎಲ್ಲದಕ್ಕೂ ಬಾಗಿಲು ತೆರೆದರು. 1991ರಲ್ಲಿ ಈ ಗಣರಾಜ್ಯದ ಮೊದಲ ಸಂವಿಧಾನ ಬಂತು. ಅಂದರೆ ಅಲ್ಲಿಯ ತನಕ ಹದಿನಾರು ವರ್ಷ ಸಂವಿಧಾನ ಇಲ್ಲದೆಯೇ ಆಳಿದ್ದರು. ಅದೇ ಹೊತ್ತಿಗೆ ದೇಶದ ಲಾಂಛನದಿಂದ ಕುಡುಗೋಲು-ಸುತ್ತಿಗೆ ತೆಗೆದು, ಆ ಜಾಗದಲ್ಲಿ ಥಾಟ್ ಲುವಾಂಗ್ ಅನ್ನುವ ಚಿನ್ನದ ಬಣ್ಣದ ಬೌದ್ಧ ಸ್ತೂಪ ಇಟ್ಟರು. ಕುಡುಗೋಲು-ಸುತ್ತಿಗೆ ಪಕ್ಷದ ಬಾವುಟದಲ್ಲಿ ಉಳಿಯಿತು. ಊರಲ್ಲಿ ಎಲ್ಲಿ ನೋಡಿದರೂ ಎರಡು ಬಾವುಟ ಅಕ್ಕಪಕ್ಕ ಇರುತ್ತವೆ, ಒಂದು ದೇಶದ್ದು, ಒಂದು ಪಕ್ಷದ್ದು.

ಹಾಗಾಗಿ ನಿಮ್ಮ ಹುಡುಗಿಗೆ ನಾನು ಹೇಳುವುದು ಇಷ್ಟು. ದೇವರು, ಅಂಗಡಿ, ಹೊಲ, ಇವನ್ನೆಲ್ಲ ಪಕ್ಷ ಜನಕ್ಕೆ ಬಿಟ್ಟುಕೊಟ್ಟಿದೆ. ಅಧಿಕಾರ ಒಂದನ್ನು ಬಿಟ್ಟುಕೊಟ್ಟಿಲ್ಲ. 2021ರ ಚುನಾವಣೆಯಲ್ಲಿ ಸಂಸತ್ತಿನ 164 ಸ್ಥಾನಗಳಲ್ಲಿ 158 ಪಕ್ಷಕ್ಕೆ ಹೋದವು. ಉಳಿದ ಆರು ಪಕ್ಷೇತರರಿಗೆ, ಅವರೂ ಮೊದಲೇ ಒಪ್ಪಿಗೆ ಪಡೆದು ನಿಂತವರು. ಬೇರೆ ಪಕ್ಷ ಕಟ್ಟುವ ಹಾಗೇ ಇಲ್ಲ. ಐದು ವರ್ಷಕ್ಕೊಮ್ಮೆ ಪಕ್ಷದ ಮಹಾಧಿವೇಶನ ಆಗುತ್ತದೆ. ಯಾರು ಏನಾಗಬೇಕು ಅನ್ನುವುದು ಅಲ್ಲಿ ತೀರ್ಮಾನವಾಗುತ್ತದೆ, ಸಂಸತ್ತು ಆಮೇಲೆ ಕೈ ಎತ್ತುತ್ತದೆ. ಥೊಂಗ್‌ಲೂನ್ ಸಿಸೂಲಿತ್ 2021ರ ಜನವರಿಯಲ್ಲಿ ಪಕ್ಷದ ಮುಖ್ಯಸ್ಥರಾದರು, ಮಾರ್ಚ್‌ನಲ್ಲಿ ದೇಶದ ಅಧ್ಯಕ್ಷರಾದರು. 2022ರ ಕೊನೆಗೆ ಪ್ರಧಾನಿಯಾದ ಸೋನೆಕ್ಸಾಯ್ ಸಿಫಾಂಡೋನ್ ಅವರ ತಂದೆ ಹಿಂದೆ ಅಧ್ಯಕ್ಷರಾಗಿದ್ದವರು.

ಕೆಳಗೆ ಬಂದರೆ ಹಳ್ಳಿ. ಹಳ್ಳಿಗೆ "ಬಾನ್" ಅನ್ನುತ್ತಾರೆ, ಊರಿನ ಮುಖ್ಯಸ್ಥ "ನಾಯ್ ಬಾನ್". ನಾಯಕ ಅಂತಲೇ ಇಟ್ಟುಕೊಳ್ಳಿ. ರಾಜಧಾನಿಯ ಬಡಾವಣೆಗಳೂ ಬಾನ್‌ಗಳೇ. ನಮ್ಮ ಬಡಾವಣೆಯ ನಾಯ್ ಬಾನ್ ಒಳ್ಳೆಯ ಮನುಷ್ಯ. ಅಕ್ಕಪಕ್ಕದವರ ಜಗಳ ಬಿಡಿಸುತ್ತಿದ್ದರು, ಮದುವೆಗೆ ಬರುತ್ತಿದ್ದರು. ಯಾರ ಮನೆಗೆ ಯಾರು ಬಂದರು, ಎಷ್ಟು ದಿನ ಇದ್ದರು ಅನ್ನುವುದೂ ಅವರಿಗೆ ಗೊತ್ತಿರುತ್ತಿತ್ತು. ಎರಡೂ ಒಂದೇ ಕೆಲಸದೊಳಗೆ ಇದ್ದವು.

ಬಂದೂಕು ಹಿಡಿದ ಪೊಲೀಸರು ಬೀದಿಯಲ್ಲಿ ಜಾಸ್ತಿ ಕಾಣುವುದಿಲ್ಲ. ಊರು ಶಾಂತ. ಆದರೆ ಕೆಲವು ವಿಷಯ ಬಂದರೆ ಮಾತು ನಿಂತುಹೋಗುತ್ತದೆ. ಸೋಂಬಾತ್ ಸೋಂಫೋನ್ ಅಂತ ಒಬ್ಬರಿದ್ದರು. ಹಳ್ಳಿಗಳ ಏಳಿಗೆಗೆ ದುಡಿದವರು, 2005ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದವರು. 2012ರ ಡಿಸೆಂಬರ್ 15ರ ಸಂಜೆ ವಿಯಂಟಿಯಾನ್‌ನಲ್ಲಿ ಪೊಲೀಸರು ಅವರ ಜೀಪು ನಿಲ್ಲಿಸಿದರು. ಆಮೇಲೆ ಅವರನ್ನು ಬೇರೆ ಗಾಡಿಯಲ್ಲಿ ಕರೆದುಕೊಂಡು ಹೋದದ್ದು ರಸ್ತೆಯ ಕ್ಯಾಮೆರಾದಲ್ಲಿ ಇದೆ. ಅವತ್ತಿನಿಂದ ಇವತ್ತಿನ ತನಕ ಅವರು ಎಲ್ಲಿದ್ದಾರೆ ಅನ್ನುವುದು ಅವರ ಹೆಂಡತಿಗೂ ಗೊತ್ತಿಲ್ಲ. 2019ರಲ್ಲಿ, ಪ್ರವಾಹದ ಹೊತ್ತಿನಲ್ಲಿ ಸರ್ಕಾರ ಸರಿಯಾಗಿ ನೆರವಿಗೆ ಬರಲಿಲ್ಲ ಅಂತ ಫೇಸ್‌ಬುಕ್‌ನಲ್ಲಿ ವಿಡಿಯೊ ಹಾಕಿದ ಒಬ್ಬ ಹೆಣ್ಣುಮಗಳಿಗೆ ಐದು ವರ್ಷ ಜೈಲಾಯಿತು. ಹೀಗಾಗಿ ಜನ ಮನೆಯಲ್ಲಿ ಕೂತು ಥಾಯ್ ಟಿವಿ ನೋಡುತ್ತಾರೆ. ಭಾಷೆ ಎರಡೂ ಹತ್ತಿರ, ಪೂರ್ತಿ ಅರ್ಥವಾಗುತ್ತದೆ. ತಮ್ಮ ದೇಶದ ಬಗ್ಗೆ ಕೇಳಿದರೆ "ಬೋ ಪೆನ್ ಞಾಂಗ್", ಏನೂ ಪರವಾಗಿಲ್ಲ, ಅಂದು ಇನ್ನೊಂದು ತುತ್ತು ಅನ್ನ ನಿಮ್ಮ ಕೈಗೆ ಕೊಡುತ್ತಾರೆ. ಅಂಟು ಅಕ್ಕಿಯ ಅನ್ನ, ಬಿದಿರಿನ ಪುಟ್ಟ ಬುಟ್ಟಿಯಲ್ಲಿಟ್ಟು, ಕೈಯಲ್ಲೇ ಉಂಡೆ ಮಾಡಿ ತಿನ್ನುವುದು. ಆ ರುಚಿಯನ್ನೂ ಮರೆಯಲಾರೆ, ಆ ಮೌನವನ್ನೂ ಮರೆಯಲಾರೆ.

ಗಡಿಯಾಚೆ

ಅಕ್ಕ, ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ಮಾತು ಒಪ್ಪಲ್ಲ. ಅಧಿಕಾರ ಪಕ್ಷದ ಕೈಯಲ್ಲಿದೆ ಅಂತೀರಿ. ಈಗ ಅದು ಚೀನಾದ ಕೈಯಲ್ಲಿದೆ ಅನ್ನುವುದು ಸರಿ. 2021ರ ಡಿಸೆಂಬರ್‌ನಲ್ಲಿ ಚೀನಾ ಗಡಿಯ ಬೋತೆನ್‌ನಿಂದ ವಿಯಂಟಿಯಾನ್ ತನಕ ಸುಮಾರು 420 ಕಿ.ಮೀ. ರೈಲು ಶುರುವಾಯಿತು. ಖರ್ಚು ಹತ್ತಿರ ಹತ್ತಿರ 600 ಕೋಟಿ ಡಾಲರ್. ಅದರಲ್ಲಿ 70 ಪಾಲು ಚೀನಾದ್ದು, 30 ಪಾಲು ಲಾವೋಸ್‌ದು, ಆ 30ರಲ್ಲೂ ಜಾಸ್ತಿ ಚೀನಾದಿಂದಲೇ ತಂದ ಸಾಲ. ದೇಶದ ದೊಡ್ಡ ವಿದ್ಯುತ್ ಲೈನುಗಳನ್ನು ನಡೆಸುವ ಕಂಪನಿಯಲ್ಲೂ ದೊಡ್ಡ ಪಾಲು ಚೀನಾದ ಸರ್ಕಾರಿ ಕಂಪನಿಗೆ ಹೋಗಿದೆ. ನಾನು 2023ರಲ್ಲಿ ಹೋಗಿದ್ದಾಗ ಅಲ್ಲಿಯ ಹಣ ಕಿಪ್ ನೆಲಕಚ್ಚಿತ್ತು. ಎರಡು ವರ್ಷದ ಹಿಂದೆ ಡಾಲರಿಗೆ ಹತ್ತು ಸಾವಿರದ ಒಳಗೆ ಇದ್ದದ್ದು ಇಪ್ಪತ್ತು ಸಾವಿರದ ಹತ್ತಿರ. ಆ ವರ್ಷದ ಶುರುವಿನಲ್ಲಿ ಬೆಲೆ ಏರಿಕೆ ಶೇಕಡಾ 40 ದಾಟಿತ್ತು. ಗೆಸ್ಟ್ ಹೌಸ್ ನಡೆಸುವ ಅಮ್ಮ ಎಣ್ಣೆ, ಮೊಟ್ಟೆಯ ಬೆಲೆ ಹೇಳುತ್ತಾ ಕಣ್ಣಲ್ಲಿ ನೀರು ತಂದುಕೊಂಡರು. ಅವರ ಇಬ್ಬರು ಗಂಡುಮಕ್ಕಳೂ ಥಾಯ್ಲೆಂಡಿಗೆ ದುಡಿಯಲು ಹೋಗಿದ್ದರು.

ರೈಲು ಮಾತ್ರ ಅದ್ಭುತ, ಅದನ್ನು ಇಲ್ಲ ಅನ್ನಲ್ಲ. ಮೊದಲು ವಿಯಂಟಿಯಾನ್‌ನಿಂದ ಹಳೇ ರಾಜಧಾನಿ ಲುವಾಂಗ್ ಪ್ರಬಾಂಗ್‌ಗೆ ಘಾಟಿ ರಸ್ತೆಯಲ್ಲಿ ಇಡೀ ದಿನ ಹೋಗುತ್ತಿತ್ತು. ಈಗ ಎರಡು ಗಂಟೆಯ ಒಳಗೆ ಇಳಿಯುತ್ತೀರಿ.

ಮೆಕಾಂಗ್ ದಂಡೆ

ಸಾಲದ ಬಗ್ಗೆ ನೀವು ಹೇಳಿದ್ದೆಲ್ಲ ಸರಿ. ನಮ್ಮ ಪಕ್ಕದ ಮನೆಯವರೂ ಅದೇ ಕಷ್ಟದಲ್ಲಿದ್ದರು. ಆದರೆ ಚೀನಾದ ಕೈ ಅಂತ ಒಂದೇ ಮಾತಿನಲ್ಲಿ ಹೇಳಬೇಡಿ. ಪಕ್ಷದ ಹಳೇ ನಂಟು ವಿಯೆಟ್ನಾಂ ಜೊತೆ. ಕೈಸೋನ್‌ನ ಅಪ್ಪ ವಿಯೆಟ್ನಾಮಿನವರು, ಅವನು ಓದಿದ್ದು ಹನೋಯ್‌ನಲ್ಲಿ. 1977ರಲ್ಲಿ ಎರಡು ದೇಶಗಳೂ ಗೆಳೆತನದ ಒಪ್ಪಂದ ಮಾಡಿಕೊಂಡವು, ವಿಯೆಟ್ನಾಂ ಸೈನ್ಯ ಎಂಬತ್ತರ ದಶಕದ ಕೊನೆಯ ತನಕ ಲಾವೋಸ್‌ನಲ್ಲೇ ಇತ್ತು. ಇವತ್ತಿಗೂ ಪಕ್ಷದ ಅಧಿಕಾರಿಗಳು ತರಬೇತಿಗೆ ಹನೋಯ್‌ಗೆ ಹೋಗುತ್ತಾರೆ. ಹಣ ಚೀನಾದ್ದು, ಟಿವಿ ಮತ್ತು ಕೂಲಿ ಥಾಯ್ಲೆಂಡಿನದು, ಪಕ್ಷದ ಪಾಠ ವಿಯೆಟ್ನಾಮಿನದು. ಸುತ್ತ ಐದು ದೇಶ, ಒಂದು ಕಡೆಯೂ ಸಮುದ್ರ ಇಲ್ಲ, ಇರುವ ಜನ 75 ಲಕ್ಷ ಚಿಲ್ಲರೆ. ವಿಸ್ತೀರ್ಣ ನಮ್ಮ ಕರ್ನಾಟಕಕ್ಕಿಂತ ಜಾಸ್ತಿ, ಜನ ಬೆಂಗಳೂರಿಗಿಂತ ಕಡಿಮೆ. ಅಂಥ ದೇಶ ಒಬ್ಬರನ್ನೇ ನೆಚ್ಚಿಕೊಂಡು ಕೂರುವ ಹಾಗಿಲ್ಲ.

ಬಾಳೂರು ಕಾಫಿ

ಮೇಷ್ಟ್ರೇ, ನಾನು ಮೂಡಿಗೆರೆ ಕಡೆಯವನು, ಕಾಫಿ ಬೆಳೆಗಾರ. ಕಾಫಿ ನೋಡಲಿಕ್ಕೆಂದೇ ತೆಂಕಣ ಲಾವೋಸ್‌ಗೆ ಹೋಗಿದ್ದೆ. ಬೋಲಾವೆನ್ ಪ್ರಸ್ಥಭೂಮಿ ಅಂತ, ಸಾವಿರ ಮೀಟರ್‌ಗಿಂತ ಎತ್ತರ, ಹಳೇ ಜ್ವಾಲಾಮುಖಿಯ ಕೆಂಪು ಮಣ್ಣು, ಪಕ್ಸೋಂಗ್ ಅಲ್ಲಿಯ ಮುಖ್ಯ ಊರು. ಇಳಿದ ಕೂಡಲೇ ಮಂಜು, ಜಿಟಿಜಿಟಿ ಮಳೆ, ಕಾಫಿ ಹೂವಿನ ಮಾತು. ನಮ್ಮೂರಿಗೇ ಬಂದ ಹಾಗಾಯಿತು. ಕಾಫಿ ತಂದವರು ಫ್ರೆಂಚರು. ರೋಬಸ್ಟಾ ಇದೆ, ಅರೇಬಿಕಾದಲ್ಲಿ ಕ್ಯಾಟಿಮೋರ್ ಜಾಸ್ತಿ. ನಾವು ಕಾವೇರಿ ಅಂತ ಕರೆಯುತ್ತೇವಲ್ಲ, ಅದೇ ತಳಿ. ನಾನು ನೋಡಿದ ತೋಟಗಳಲ್ಲಿ ನಮ್ಮಷ್ಟು ನೆರಳಿನ ಮರ ಇರಲಿಲ್ಲ, ಸಿಲ್ವರ್ ಓಕಿಗೆ ಮೆಣಸು ಹಬ್ಬಿಸುವ ಅಭ್ಯಾಸ ಕಾಣಲಿಲ್ಲ. ಇದನ್ನು ಒಬ್ಬ ಬೆಳೆಗಾರರಿಗೆ ಫೋನಿನಲ್ಲಿ ಫೋಟೊ ತೋರಿಸಿ ವಿವರಿಸಿದೆ. ಅವರು ಹೆಂಡತಿಯನ್ನೂ ಮಗನನ್ನೂ ಕರೆದು ತೋರಿಸಿದರು.

ಜಮೀನು ಯಾರದ್ದು ಅಂತ ಕೇಳಿದೆ. ಕಾನೂನಿನ ಪ್ರಕಾರ ಭೂಮಿಯೆಲ್ಲ ಇಡೀ ದೇಶದ ಜನರದ್ದು, ಅದನ್ನು ನೋಡಿಕೊಳ್ಳುವುದು ಸರ್ಕಾರ. ರೈತನಿಗೆ ಇರುವುದು ಬಳಸುವ ಹಕ್ಕು. ಅದನ್ನು ಮಕ್ಕಳಿಗೆ ಕೊಡಬಹುದು, ಮಾರಲೂಬಹುದು. ದಿನದ ಬದುಕಿನಲ್ಲಿ ನಮ್ಮ ಸ್ವಂತ ಜಮೀನಿನ ಹಾಗೇ ಕಾಣುತ್ತದೆ. ಆದರೆ ಸರ್ಕಾರ ದೊಡ್ಡ ಕಂಪನಿಗೆ ಜಾಗ ಕೊಡಬೇಕು ಅಂದಾಗ ವ್ಯತ್ಯಾಸ ಗೊತ್ತಾಗುತ್ತದೆ. ಕಮ್ಯುನಿಸ್ಟ್ ಅಂದರೆ ಏನು ಅಂತ ಕೇಳಿದ ಹುಡುಗಿಗೆ ಇದನ್ನೂ ಹೇಳಬಹುದು ಅಲ್ವಾ?

ಇನ್ನು ಶಿವನ ದೇವಸ್ಥಾನ. ಅದು ವಾಟ್ ಫೂ, ಚಂಪಾಸಕ್ ಪ್ರಾಂತ್ಯದಲ್ಲಿ, ಮೆಕಾಂಗ್ ಹತ್ತಿರ. ಅಂಗ್‌ಕೋರ್ ಕಟ್ಟಿದ ಖ್ಮೇರ್ ಅರಸರ ಕಾಲದ್ದು. ಹಿಂದಿನ ಬೆಟ್ಟದ ತುದಿ ಲಿಂಗದ ಹಾಗೇ ಇದೆ, ಹಳೇ ಶಾಸನಗಳಲ್ಲಿ ಅದರ ಹೆಸರೇ ಲಿಂಗಪರ್ವತ. ಬಂಡೆಯ ಬುಡದಲ್ಲಿ ಒಂದು ಒರತೆ ಇದೆ. ಆ ನೀರನ್ನು ಕಲ್ಲಿನ ದೋಣಿಯಲ್ಲಿ ಹರಿಸಿ ಗರ್ಭಗುಡಿಯ ಲಿಂಗದ ಮೇಲೆ ಸದಾ ಬೀಳುವ ಹಾಗೆ ಮಾಡಿದ್ದರಂತೆ. ಈಗ ಒಳಗೆ ಲಿಂಗ ಇಲ್ಲ, ಬುದ್ಧನ ಮೂರ್ತಿಗಳಿವೆ. ಊರ ಹೆಂಗಸರು ಬಾಳೆಎಲೆ, ಚೆಂಡುಹೂವಿನಲ್ಲಿ ಗೋಪುರದ ಹಾಗೆ ಕಟ್ಟಿ ತಂದು ಇಡುತ್ತಾರೆ. ಒರತೆಯ ನೀರನ್ನು ನಮ್ಮ ತೀರ್ಥದ ಹಾಗೇ ತಲೆಗೆ ಪ್ರೋಕ್ಷಿಸಿಕೊಳ್ಳುತ್ತಾರೆ. ನಾನೂ ಹಾಕಿಕೊಂಡೆ. 2001ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ ಇದು, ಜೀರ್ಣೋದ್ಧಾರದಲ್ಲಿ ನಮ್ಮ ಭಾರತೀಯ ಪುರಾತತ್ವ ಇಲಾಖೆಯವರೂ ಕೆಲಸ ಮಾಡಿದ್ದಾರೆ.

ಒಂದು ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ಅದೇ ಬೋಲಾವೆನ್‌ನ ನೀರನ್ನು ಹಿಡಿದು ಕರೆಂಟ್ ಮಾಡುವ ಸೆ ಪಿಯನ್-ಸೆ ನಮ್ನೋಯ್ ಯೋಜನೆಯ ಒಂದು ಅಣೆಕಟ್ಟು 2018ರ ಜುಲೈ 23ರ ರಾತ್ರಿ ಒಡೆಯಿತು. ಕೆಳಗಿನ ಅತ್ತಪು ಪ್ರಾಂತ್ಯದ ಹಳ್ಳಿಗಳು ಮುಳುಗಿದವು. ಹತ್ತಾರು ಜನ ಸತ್ತರು, ಆರು ಸಾವಿರಕ್ಕೂ ಜಾಸ್ತಿ ಜನ ಮನೆ ಕಳೆದುಕೊಂಡರು. ಇನ್ನೂ ಕಟ್ಟುತ್ತಿದ್ದ ಅಣೆಕಟ್ಟು ಅದು. ಆಗ್ನೇಯ ಏಷ್ಯಾದ ಬ್ಯಾಟರಿ ಆಗುತ್ತೇವೆ ಅನ್ನುವುದು ಅಲ್ಲಿಯ ಸರ್ಕಾರದ ಮಾತು. ಕರೆಂಟಿನ ಬಹುಪಾಲು ಥಾಯ್ಲೆಂಡಿಗೆ ಮಾರಾಟ. ಶರಾವತಿ, ವಾರಾಹಿಯ ಮುಳುಗಡೆ ಕಂಡ ನಿಮ್ಮ ಕಡೆಯ ಮಕ್ಕಳಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ನಮ್ಮಲ್ಲಿ ಮುಳುಗಡೆಯವರು ಪಾದಯಾತ್ರೆ ಮಾಡಿದರು, ಕೋರ್ಟಿಗೆ ಹೋದರು, ಓಟಿನ ಹೊತ್ತಿಗೆ ಪ್ರಶ್ನೆ ಕೇಳಿದರು. ಎಲ್ಲಾ ಸಿಕ್ಕಿತು ಅಂತ ಹೇಳುತ್ತಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಆದರೆ ಕೇಳುವ ದಾರಿ ಇತ್ತು. ಅತ್ತಪುವಿನ ಜನಕ್ಕೆ ಆ ದಾರಿಯೂ ಇಲ್ಲ.

ಊರುಗೋಲು

ನಾನು ಫಿಜಿಯೋಥೆರಪಿಸ್ಟ್, ಮೈಸೂರಿನವಳು. ಇಷ್ಟು ಹೊತ್ತು ಬಾಂಬಿನ ಮಾತು ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅದನ್ನು ಬಿಟ್ಟರೆ ಆ ದೇಶ ಅರ್ಥವಾಗುವುದಿಲ್ಲ. ಆ ಪಕ್ಷಕ್ಕೆ ಅಷ್ಟು ಬಲ ಎಲ್ಲಿಂದ ಬಂತು ಅನ್ನುವುದೂ ಅರ್ಥವಾಗುವುದಿಲ್ಲ.

1964ರಿಂದ 1973ರ ತನಕ ಅಮೆರಿಕ ಲಾವೋಸ್ ಮೇಲೆ 20 ಲಕ್ಷ ಟನ್‌ಗಿಂತ ಜಾಸ್ತಿ ಬಾಂಬು ಹಾಕಿತು. ವಿಮಾನಗಳು ಬಾಂಬು ಹೊತ್ತು ಹಾರಿದ್ದು 5 ಲಕ್ಷ 80 ಸಾವಿರ ಸಲ. ಲೆಕ್ಕ ಹಾಕಿದರೆ ಒಂಬತ್ತು ವರ್ಷ ಹಗಲೂ ರಾತ್ರಿ, ಎಂಟು ನಿಮಿಷಕ್ಕೊಂದು ವಿಮಾನದಷ್ಟು ಬಾಂಬು. ಅಮೆರಿಕದ ಜನಕ್ಕೇ ಇದು ಗೊತ್ತಿರಲಿಲ್ಲ, ಅದಕ್ಕೆ ಇದನ್ನು ಗುಟ್ಟಿನ ಯುದ್ಧ ಅನ್ನುತ್ತಾರೆ. ಉತ್ತರ ವಿಯೆಟ್ನಾಂ ಸೈನ್ಯ ಲಾವೋಸ್ ಕಾಡಿನೊಳಗಿನ ಹೋ ಚಿ ಮಿನ್ ದಾರಿಯಲ್ಲಿ ತೆಂಕಣ ವಿಯೆಟ್ನಾಮಿಗೆ ಸಾಮಾನು ಸಾಗಿಸುತ್ತಿತ್ತು. ಅದನ್ನು ತಡೆಯಬೇಕು, ಪಾಥೆಟ್ ಲಾವೋ ಅನ್ನುವ ಕಮ್ಯುನಿಸ್ಟ್ ಬಂಡಾಯಗಾರರನ್ನು ಮುರಿಯಬೇಕು ಅನ್ನುವುದು ಅಮೆರಿಕದ ಉದ್ದೇಶ. ಬೆಟ್ಟದ ಹ್ಮಾಂಗ್ ಜನರಲ್ಲಿ ಎಷ್ಟೋ ಮಂದಿಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಬಂದೂಕು ಕೊಟ್ಟು ಹೋರಾಡಿಸಿತು. ಸೋತ ಮೇಲೆ ಅವರ ಗತಿ ಕೇಳುವುದೇ ಬೇಡ. ಬಂಡಾಯದ ನಾಯಕರು ಬಡಗಣದ ವಿಯೆಂಗ್ ಸಾಯ್ ಗುಹೆಗಳಲ್ಲಿ ವರ್ಷಗಟ್ಟಲೆ ಇದ್ದರು. ಆಸ್ಪತ್ರೆ, ಶಾಲೆ, ಸಭಾಂಗಣ ಎಲ್ಲಾ ಬಂಡೆಯೊಳಗೆ. ಬಾಂಬಿನಡಿಯಲ್ಲಿ ಬದುಕಿ ಹೊರಬಂದವರು ನಾವು ಅನ್ನುವ ಮಾತನ್ನು ಪಕ್ಷ ಇವತ್ತಿಗೂ ಹೇಳುತ್ತದೆ. ಆ ಮಾತು ಸುಳ್ಳಲ್ಲ.

ಆ ಬಾಂಬುಗಳಲ್ಲಿ ಒಂದು ಬಗೆ ಗೊಂಚಲು ಬಾಂಬು. ದೊಡ್ಡ ಚಿಪ್ಪು ಆಕಾಶದಲ್ಲೇ ತೆರೆದುಕೊಂಡು ಒಳಗಿನ ನೂರಾರು ಸಣ್ಣ ಉಂಡೆಗಳು ಚೆಲ್ಲುತ್ತವೆ. ಅಲ್ಲಿಯ ಜನ ಅವನ್ನು "ಬೊಂಬೀ" ಅನ್ನುತ್ತಾರೆ. ಅಂಥ 27 ಕೋಟಿ ಉಂಡೆ ಬಿದ್ದವು. ಅದರಲ್ಲಿ ಸುಮಾರು 8 ಕೋಟಿ ಸಿಡಿಯದೆ ಮಣ್ಣಿನಲ್ಲಿ ಉಳಿದವು. ಟೆನಿಸ್ ಚೆಂಡಿನಷ್ಟು ಗಾತ್ರ. ಮಕ್ಕಳು ಚೆಂಡು ಅಂದುಕೊಂಡು ಎತ್ತಿಕೊಳ್ಳುತ್ತಾರೆ. ರೈತ ಗುದ್ದಲಿ ಹಾಕಿದಾಗ ಸಿಡಿಯುತ್ತದೆ. ಚಳಿಗೆ ಬೆಂಕಿ ಹಾಕಿದ ಜಾಗದ ಅಡಿಯಲ್ಲಿ ಸಿಡಿಯುತ್ತದೆ. ಯುದ್ಧ ಮುಗಿದ ಮೇಲೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಹೀಗೆ ಸತ್ತಿದ್ದಾರೆ, ಇಲ್ಲವೇ ಗಾಯಗೊಂಡಿದ್ದಾರೆ.

ವಿಯಂಟಿಯಾನ್‌ನ ಕೋಪ್ ಕೇಂದ್ರದಲ್ಲಿ ಕೃತಕ ಕಾಲು ಮಾಡಿ ಕೊಡುವುದನ್ನು ನೋಡಲು ಹೋಗಿದ್ದೆ. ಒಂದು ಮೂಲೆಯಲ್ಲಿ ಜನ ತಾವೇ ಮಾಡಿಕೊಂಡ ಹಳೇ ಕಾಲುಗಳ ರಾಶಿ ಇಟ್ಟಿದ್ದಾರೆ. ಮರದ್ದು, ಬಿದಿರಿನದ್ದು, ಬಾಂಬಿನದೇ ತಗಡಿನದ್ದು. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಆದರೂ ಅಲ್ಲಿ ನಿಲ್ಲಲು ಆಗಲಿಲ್ಲ. ಶಿಯೆಂಗ್ ಖುವಾಂಗ್ ಪ್ರಾಂತ್ಯದ ನಾಪಿಯಾ ಅನ್ನುವ ಹಳ್ಳಿಯಲ್ಲಿ ಬಾಂಬಿನ ಅಲ್ಯೂಮಿನಿಯಂ ಕರಗಿಸಿ, ಬೂದಿ ಮೆತ್ತಿದ ಅಚ್ಚಿಗೆ ಸುರಿದು ಚಮಚ ಮಾಡುತ್ತಾರೆ. ಅಲ್ಲಿಂದ ನಾಲ್ಕು ಚಮಚ ತಂದಿದ್ದೇನೆ.

2016ರಲ್ಲಿ ಒಬಾಮಾ ಅಲ್ಲಿಗೆ ಹೋದರು. ಅಧಿಕಾರದಲ್ಲಿರುವ ಅಮೆರಿಕದ ಅಧ್ಯಕ್ಷ ಲಾವೋಸ್‌ಗೆ ಹೋದದ್ದು ಅದೇ ಮೊದಲು. ಬಾಂಬು ತೆಗೆಯಲು ಮೂರು ವರ್ಷಕ್ಕೆ 9 ಕೋಟಿ ಡಾಲರ್ ಕೊಡುತ್ತೇವೆ ಅಂದರು. ಗೊಂಚಲು ಬಾಂಬು ನಿಷೇಧಿಸುವ ಒಪ್ಪಂದದ ದೇಶಗಳು ಮೊದಲ ಸಲ ಸೇರಿದ್ದು 2010ರಲ್ಲಿ, ವಿಯಂಟಿಯಾನ್‌ನಲ್ಲೇ. ನಮ್ಮ ಭಾರತ ಆ ಒಪ್ಪಂದಕ್ಕೆ ಇನ್ನೂ ಸಹಿ ಹಾಕಿಲ್ಲ. ಹಾಕಬೇಕು ಅನ್ನುವುದು ನನ್ನ ಆಸೆ.

ಹಳೇ ಪೆಟ್ಟಿಗೆ

ಸಣ್ಣ ಮಾತು. ನಮ್ಮ ದೊಡ್ಡಪ್ಪ ಸೈನ್ಯದಲ್ಲಿದ್ದರು, ಮಡಿಕೇರಿ. ಅವರ ಟ್ರಂಕಿನಲ್ಲಿ ವಿಯಂಟಿಯಾನ್ ಅಂತ ಬರೆದ ಒಂದು ಕಪ್ಪು ಬಿಳುಪು ಫೋಟೊ ಇತ್ತು, ಸ್ತೂಪದ ಮುಂದೆ ಸಮವಸ್ತ್ರದಲ್ಲಿ ನಿಂತದ್ದು. ಫ್ರೆಂಚರ ಇಂಡೋಚೀನಾ ಯುದ್ಧ ನಿಲ್ಲಿಸಿದ 1954ರ ಜಿನೀವಾ ಒಪ್ಪಂದ ಆದ ಮೇಲೆ ಕದನವಿರಾಮ ನೋಡಿಕೊಳ್ಳಲು ಒಂದು ಅಂತರರಾಷ್ಟ್ರೀಯ ಆಯೋಗ ಮಾಡಿದ್ದರು. ಭಾರತ, ಕೆನಡಾ, ಪೋಲೆಂಡ್ ಅದರಲ್ಲಿ ಇದ್ದವು, ಅಧ್ಯಕ್ಷತೆ ಭಾರತದ್ದು. ಹಾಗೆ ನಮ್ಮವರು ಅಲ್ಲಿಗೆ ಹೋಗಿದ್ದರು. ದೊಡ್ಡಪ್ಪ ಹೇಳುತ್ತಿದ್ದದ್ದು ಒಂದೇ: ಏಪ್ರಿಲ್ ಮಧ್ಯದಲ್ಲಿ ಅವರ ಹೊಸ ವರ್ಷ, ನಮ್ಮ ತುಳುನಾಡಿನ ಬಿಸು ಬರುವ ಹೊತ್ತಿಗೇ, ಜನ ಬುದ್ಧನಿಗೂ ದಾರಿಯಲ್ಲಿ ಹೋಗುವ ಎಲ್ಲರಿಗೂ ನೀರು ಹಾಕುತ್ತಾರೆ ಅಂತ. ಅವರ ಸಮವಸ್ತ್ರ ಅವತ್ತು ಪೂರ್ತಿ ಒದ್ದೆಯಾಗಿತ್ತಂತೆ.

ದಾವಣಗೆರೆ ಅಮ್ಮ

ಈ ಮಾತುಕತೆ ಓದುವವರಲ್ಲಿ ಕೆಲಸ ಹುಡುಕುವ ಹುಡುಗರೂ ಇರಬಹುದು, ಅದಕ್ಕೆ ಬರೆಯುತ್ತಿದ್ದೇನೆ. ಲಾವೋಸ್‌ನಲ್ಲಿ ಕಂಪ್ಯೂಟರ್ ಕೆಲಸ, ತಿಂಗಳಿಗೆ ಲಕ್ಷ ಅಂತ ಯಾರಾದರೂ ಏಜೆಂಟ್ ಹೇಳಿದರೆ ಹೋಗಬೇಡಿ. ನನ್ನ ತಂಗಿಯ ಮಗ ಹೋಗಿದ್ದ. ಬಡಗಣದ ಬೊಕೆಯೋ ಪ್ರಾಂತ್ಯದಲ್ಲಿ, ಥಾಯ್ಲೆಂಡ್, ಮ್ಯಾನ್ಮಾರ್ ಗಡಿ ಸೇರುವ ಕಡೆ, ಗೋಲ್ಡನ್ ಟ್ರಯಾಂಗಲ್ ವಿಶೇಷ ಆರ್ಥಿಕ ವಲಯ ಇದೆ. ಅಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು, ಫೋನಿನಲ್ಲಿ ಜನರಿಗೆ ಮೋಸ ಮಾಡುವ ಕೆಲಸಕ್ಕೆ ಕೂರಿಸಿದರು. ದಿನಕ್ಕೆ ಹದಿನಾಲ್ಕು ಗಂಟೆ. ಹೇಳಿದಷ್ಟು ಜನರನ್ನು ಬಲೆಗೆ ಬೀಳಿಸದಿದ್ದರೆ ಊಟ ಇಲ್ಲ. ಹೇಗೋ ನಮ್ಮ ರಾಯಭಾರ ಕಚೇರಿಗೆ ಸುದ್ದಿ ಮುಟ್ಟಿಸಿದ. ಅಲ್ಲಿಂದ ನೂರಾರು ಭಾರತೀಯರನ್ನು ಬಿಡಿಸಿ ತಂದಿದ್ದಾರೆ, ಅವರಲ್ಲಿ ಇವನೂ ಒಬ್ಬ. ಬಂದು ಒಂದು ವರ್ಷ ಆಯಿತು, ಈಗಲೂ ಫೋನ್ ರಿಂಗ್ ಆದರೆ ಬೆಚ್ಚುತ್ತಾನೆ.

ನಮ್ಮ ವಿದೇಶಾಂಗ ಇಲಾಖೆ ಸ್ಪಷ್ಟವಾಗಿ ಹೇಳಿದೆ: ಅಲ್ಲಿ ಇಳಿದ ಮೇಲೆ ಸಿಗುವ ವೀಸಾ ಪ್ರವಾಸಕ್ಕೆ ಮಾತ್ರ, ಅದರ ಮೇಲೆ ಕೆಲಸದ ಪರವಾನಗಿ ಕೊಡುವುದಿಲ್ಲ. ಆ ವೀಸಾದಲ್ಲಿ ಬನ್ನಿ, ಆಮೇಲೆ ನೋಡೋಣ ಅಂತ ಏಜೆಂಟ್ ಅಂದರೆ ಅಲ್ಲಿಗೇ ಬಿಟ್ಟುಬಿಡಿ. ಒಂದೇ ಪಕ್ಷ ಆಳುವ ದೇಶ, ಹಳ್ಳಿಗೆ ಯಾರು ಬಂದರು ಅನ್ನುವುದೂ ಗೊತ್ತಿರುತ್ತದೆ ಅಂತ ಮೇಲೆ ಅಕ್ಕ ಬರೆದಿದ್ದಾರೆ. ಹಾಗಿದ್ದರೆ ಇದು ಇಷ್ಟು ವರ್ಷ ಹೇಗೆ ನಡೆಯಿತು ಅಂತ ನನ್ನ ತಂಗಿ ಕೇಳುತ್ತಾಳೆ. ನನಗೆ ಉತ್ತರ ಗೊತ್ತಿಲ್ಲ.

ಮೆಕಾಂಗ್ ದಂಡೆ

ಅಮ್ಮ, ನಿಮ್ಮ ತಂಗಿಯ ಮಗ ಬೇಗ ಸುಧಾರಿಸಲಿ. ಆ ವಲಯವನ್ನು 2007ರಲ್ಲೇ 99 ವರ್ಷದ ಗುತ್ತಿಗೆಗೆ ಕೊಟ್ಟುಬಿಟ್ಟಿದ್ದಾರೆ. ಅಲ್ಲಿ ಕ್ಯಾಸಿನೊ, ಚೀನೀ ಬೋರ್ಡುಗಳು, ಚೀನೀ ಹಣ, ಗಡಿಯಾರವೂ ಚೀನಾದ ಸಮಯಕ್ಕೆ. ಬಡ ಹಳ್ಳಿಯವನ ಮನೆಗೆ ಯಾರು ಬಂದರು ಅಂತ ನೋಡುವ ಕಣ್ಣು ದುಡ್ಡಿರುವವನ ಕಾಂಪೌಂಡ್ ಒಳಗೆ ಹೋಗುವುದಿಲ್ಲ. 2024ರ ಆಗಸ್ಟ್‌ನಲ್ಲಿ ಕೊನೆಗೂ ಪೊಲೀಸರು ಒಳಗೆ ನುಗ್ಗಿ ದಾಳಿ ಮಾಡಿದರು. ತುಂಬಾ ತಡವಾಯಿತು.

ತುಂಗೆಯ ಮೇಷ್ಟ್ರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಹನ್ನೊಂದಾಯಿತು, ಎಲ್ಲವನ್ನೂ ಎರಡು ಸಲ ಓದಿದೆ. ಮೊದಲು ದೇಶದ ಆ ಉದ್ದ ಹೆಸರನ್ನು ಬೋರ್ಡಿನ ಮೇಲೆ ಬರೆದು ಮಕ್ಕಳಿಂದಲೇ ಬಿಡಿಸುತ್ತೇನೆ. ಆಮೇಲೆ 164ರಲ್ಲಿ 158. ಅದಾದ ಮೇಲೆ ಅಣೆಕಟ್ಟು. ನಮ್ಮ ತರಗತಿಯಲ್ಲಿ ಮುಳುಗಡೆ ಸಂತ್ರಸ್ತರ ಮೊಮ್ಮಕ್ಕಳು ಆರು ಜನ ಇದ್ದಾರೆ, ಅವರಿಗೇ ಮಾತಾಡಲು ಬಿಡುತ್ತೇನೆ. ಸೋಂಬಾತ್ ಅವರ ವಿಷಯ ಈ ವಯಸ್ಸಿನ ಮಕ್ಕಳಿಗೆ ಹೇಗೆ ಹೇಳುವುದು ಅಂತ ಇನ್ನೂ ಯೋಚಿಸುತ್ತಿದ್ದೇನೆ, ಆದರೆ ಹೇಳುತ್ತೇನೆ.

ಊರುಗೋಲು ಅವರೇ, ಆ ಚಮಚದ ಒಂದು ಫೋಟೊ ಹಾಕುತ್ತೀರಾ?

ಊರುಗೋಲು

ಫೋಟೊ ಯಾಕೆ ಸರ್, ಶಾಲೆಯ ವಿಳಾಸ ಮೆಸೇಜ್ ಮಾಡಿ. ನಾಲ್ಕರಲ್ಲಿ ಒಂದನ್ನು ಪೋಸ್ಟಿಗೆ ಹಾಕುತ್ತೇನೆ. ಮಕ್ಕಳು ಕೈಯಲ್ಲಿ ಹಿಡಿದು ನೋಡಲಿ. ತುಂಬಾ ಹಗುರ ಇದೆ.